ಗ್ಯಾಲರಿಯಲ್ಲಿ ಕುಳಿತ ಅತಿಥಿ: ಅಮೆರಿಕದ ಗವರ್ನರುಗಳ ವಾರ್ಷಿಕ ಭಾಷಣ ಮತ್ತು ನಮ್ಮ ಸನ್ಮಾನ ಪದ್ಧತಿ

ವ್ಯಾಪಾರಿಗೆ ವರ್ಷಕ್ಕೊಮ್ಮೆ ಅಢಾವೆ ಪತ್ರಿಕೆ ಸಿದ್ಧಪಡಿಸುವ ಕಾಲ ಬರುವಂತೆ, ಸರ್ಕಾರಗಳಿಗೂ ವರ್ಷಕ್ಕೊಮ್ಮೆ ತಮ್ಮ ಸ್ಥಿತಿಗತಿಯನ್ನು ಜನಪ್ರತಿನಿಧಿಗಳ ಮುಂದಿಡುವ ಸಂದರ್ಭವಿದೆ. ನಮ್ಮ ಸಂವಿಧಾನದ 176ನೇ ವಿಧಿಯ ಪ್ರಕಾರ ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನದಲ್ಲಿಯೂ, ಪ್ರತಿ ವರ್ಷದ ಮೊದಲ ಅಧಿವೇಶನದ ಆರಂಭದಲ್ಲಿಯೂ ರಾಜ್ಯಪಾಲರು ಶಾಸಕಾಂಗವನ್ನು ಉದ್ದೇಶಿಸಿ ಭಾಷಣ ಮಾಡುತ್ತಾರೆ. ಮೂಲ ಸಂವಿಧಾನದಲ್ಲಿ ಪ್ರತಿ ಅಧಿವೇಶನಕ್ಕೂ ಇಂಥ ಭಾಷಣ ಇರಬೇಕೆಂದಿತ್ತು. 1951ರ ಮೊದಲ ತಿದ್ದುಪಡಿಯು ಅದನ್ನು ವರ್ಷಕ್ಕೊಂದಕ್ಕೆ ಇಳಿಸಿತು. ಭಾಷಣದ ಪಠ್ಯವನ್ನು ಸಿದ್ಧಪಡಿಸುವುದು ಮಂತ್ರಿಮಂಡಲ, ಓದುವುದು ರಾಜ್ಯಪಾಲರು. ಬಳಿಕ ವಂದನಾ ನಿರ್ಣಯದ ಮೇಲೆ ಚರ್ಚೆ ನಡೆಯುತ್ತದೆ. ನಮ್ಮ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಈ ಭಾಷಣದಲ್ಲಿ ಹುಡುಕುವುದು ಕೈಗಾರಿಕೆ, ವಿದ್ಯುತ್ ಮತ್ತು ರಸ್ತೆಗಳ ಕುರಿತಾದ ನಾಲ್ಕು ಸಾಲುಗಳನ್ನಷ್ಟೇ.

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳಲ್ಲಿಯೂ ಇಂಥದೇ ವಾರ್ಷಿಕ ಭಾಷಣವಿದೆ. ಆದರೆ ಅಲ್ಲಿಯ ಗವರ್ನರ್ ಜನರಿಂದ ನೇರವಾಗಿ ಚುನಾಯಿತರಾದವರು. ನಮ್ಮ ಲೆಕ್ಕದಲ್ಲಿ ಅವರನ್ನು ಮುಖ್ಯಮಂತ್ರಿಗೆ ಹೋಲಿಸಬೇಕೇ ಹೊರತು ರಾಜ್ಯಪಾಲರಿಗಲ್ಲ. ಪ್ರತಿ ಕ್ಯಾಲೆಂಡರ್ ವರ್ಷ ರಾಜ್ಯದ ಸ್ಥಿತಿಯ ಕುರಿತು ಶಾಸಕಾಂಗಕ್ಕೆ ವರದಿ ಒಪ್ಪಿಸಬೇಕೆಂದು ಕ್ಯಾಲಿಫೋರ್ನಿಯಾದ ಸಂವಿಧಾನ ಗವರ್ನರ್‌ಗೆ ವಿಧಿಸುತ್ತದೆ. ಇಲಿನಾಯ್, ಓಹಾಯೋ, ಮಿಶಿಗನ್ ರಾಜ್ಯಗಳ ಸಂವಿಧಾನಗಳಲ್ಲಿಯೂ ಇದೇ ಅರ್ಥದ ವಿಧಿಗಳಿವೆ. ಈ ಭಾಷಣಗಳಲ್ಲಿ ಬೆಳೆದುಬಂದಿರುವ ಒಂದು ಸಂಪ್ರದಾಯ ನಮ್ಮಂಥ ವಾಣಿಜ್ಯ ಸಂಸ್ಥೆಗಳು ಗಮನಿಸಬೇಕಾದದ್ದು. ಸಭಾಂಗಣದ ಗ್ಯಾಲರಿಯಲ್ಲಿ ಕೆಲವು ಸಾಮಾನ್ಯ ನಾಗರಿಕರನ್ನು ಅತಿಥಿಗಳಾಗಿ ಕೂರಿಸಿ, ಭಾಷಣದ ನಡುವೆ ಅವರ ಹೆಸರು ಹೇಳಿ, ಎದ್ದು ನಿಲ್ಲುವಂತೆ ಕೋರಿ, ಇಡೀ ಸಭೆ ಅವರನ್ನು ಗೌರವಿಸುವುದೇ ಆ ಸಂಪ್ರದಾಯ.

ಸಂಪ್ರದಾಯದ ಮೂಲ

ಈ ಪದ್ಧತಿ ಗವರ್ನರುಗಳಿಂದ ಹುಟ್ಟಿದ್ದಲ್ಲ, ಅಧ್ಯಕ್ಷರ ಭಾಷಣದಿಂದ ಬಂದದ್ದು. ಅಮೆರಿಕದ ಅಧ್ಯಕ್ಷರು ದೇಶದ ಸ್ಥಿತಿಯನ್ನು ಕಾಂಗ್ರೆಸ್ಸಿಗೆ ತಿಳಿಸಬೇಕೆಂಬ ನಿಯಮ ಆ ದೇಶದ ಸಂವಿಧಾನದಲ್ಲಿಯೇ ಇದೆ. ಜಾರ್ಜ್ ವಾಷಿಂಗ್ಟನ್ 1790ರಲ್ಲಿ ಇದನ್ನು ಖುದ್ದಾಗಿ ಓದಿದರು. ಥಾಮಸ್ ಜೆಫರ್ಸನ್ 1801ರಲ್ಲಿ ಭಾಷಣ ಬಿಟ್ಟು ಲಿಖಿತ ವರದಿ ಕಳುಹಿಸಿದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದೇ ರೂಢಿ ನಡೆದು, 1913ರಲ್ಲಿ ವುಡ್ರೊ ವಿಲ್ಸನ್ ಮತ್ತೆ ಸಭೆಯ ಮುಂದೆ ನಿಂತರು. 1923ರಲ್ಲಿ ಭಾಷಣ ರೇಡಿಯೋದಲ್ಲಿಯೂ, 1947ರಲ್ಲಿ ಟೆಲಿವಿಷನ್ನಿನಲ್ಲಿಯೂ ಪ್ರಸಾರವಾಯಿತು. ಶಾಸಕರಿಗಾಗಿ ಇದ್ದ ವರದಿ ಹೀಗೆ ಮನೆಮನೆಯ ಪ್ರೇಕ್ಷಕರಿಗೂ ತಲುಪತೊಡಗಿತು. ಟೆಲಿವಿಷನ್ ನೋಡುವವನಿಗೆ ಅಂಕಿ-ಅಂಶಕ್ಕಿಂತ ಮುಖ ಬೇಕು. ಗ್ಯಾಲರಿಯ ಅತಿಥಿಗೆ ಬೆಲೆ ಬಂದದ್ದು ಈ ಬದಲಾವಣೆಯಿಂದ.

1982ರ ಜನವರಿ 13ರಂದು ವಾಷಿಂಗ್ಟನ್ ನಗರದಲ್ಲಿ ಹಿಮಪಾತವಾಗುತ್ತಿದ್ದಾಗ ಏರ್ ಫ್ಲೋರಿಡಾ ಸಂಸ್ಥೆಯ ವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿದ್ದಿತು. ಸೇತುವೆಯ ಮೇಲಿದ್ದ ನಾಲ್ವರು ಸೇರಿದಂತೆ 78 ಜನ ಸತ್ತರು. ವಿಮಾನದಲ್ಲಿದ್ದ 79 ಜನರಲ್ಲಿ ಉಳಿದವರು ಐವರು. ಹೆಪ್ಪುಗಟ್ಟುತ್ತಿದ್ದ ನೀರಿನಲ್ಲಿ ಮುಳುಗುತ್ತಿದ್ದ ಮಹಿಳೆಯೊಬ್ಬರನ್ನು ಕಂಡು, ದಡದಲ್ಲಿ ನೋಡುತ್ತ ನಿಂತಿದ್ದವರ ನಡುವಿನಿಂದ ಒಬ್ಬಾತ ನೀರಿಗೆ ಹಾರಿ ಅವರನ್ನು ಎಳೆದು ತಂದ. ಆತ ಲೆನ್ನಿ ಸ್ಕಟ್ನಿಕ್. ಕಾಂಗ್ರೆಸ್ಸಿನ ಬಜೆಟ್ ಕಚೇರಿಯ ಮುದ್ರಣ ವಿಭಾಗದ ಒಬ್ಬ ಸಾಧಾರಣ ನೌಕರ. ಹದಿಮೂರು ದಿನಗಳ ನಂತರ, ಜನವರಿ 26ರಂದು, ಅಧ್ಯಕ್ಷ ರೊನಾಲ್ಡ್ ರೇಗನ್ ಆತನನ್ನು ತಮ್ಮ ಪತ್ನಿಯ ಪಕ್ಕದಲ್ಲಿ ಕೂರಿಸಿ, ಭಾಷಣದಲ್ಲಿ ಆತನ ಹೆಸರು ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಬಳಿಕ ಬಂದ ಪ್ರತಿ ಅಧ್ಯಕ್ಷರೂ ಈ ಪದ್ಧತಿಯನ್ನು ಮುಂದುವರಿಸಿದರು. ಇಂಥ ಅತಿಥಿಗಳನ್ನು ಅಲ್ಲಿಯ ಪತ್ರಕರ್ತರು ಇಂದಿಗೂ 'ಸ್ಕಟ್ನಿಕ್' ಎಂದೇ ಕರೆಯುತ್ತಾರೆ. 1999ರಲ್ಲಿ ಬಿಲ್ ಕ್ಲಿಂಟನ್ ಅವರ ಭಾಷಣದ ಅತಿಥಿಗಳ ಸಾಲಿನಲ್ಲಿ ನಾಗರಿಕ ಹಕ್ಕುಗಳ ಹೋರಾಟದ ರೋಸಾ ಪಾರ್ಕ್ಸ್ ಕುಳಿತಿದ್ದರು.

ಓಹಾಯೋ ರಾಜ್ಯದ ಉದಾಹರಣೆ

ಗವರ್ನರುಗಳ ಪೈಕಿ ಈ ಪದ್ಧತಿಗೆ ಒಂದು ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಓಹಾಯೋ ರಾಜ್ಯದ ಜಾನ್ ಕೇಸಿಕ್ ಪ್ರಮುಖರು. ಅವರು 2012ರಲ್ಲಿ ವಾರ್ಷಿಕ ಭಾಷಣವನ್ನೇ ರಾಜಧಾನಿ ಕೊಲಂಬಸ್‌ನಿಂದ ಹೊರಗೆ ಕೊಂಡೊಯ್ದರು. ಉಕ್ಕಿನ ಕಾರ್ಖಾನೆಗಳಿಂದ ಹೆಸರಾಗಿ, ಅವು ಸೊರಗಿದಂತೆ ತಾನೂ ಸೊರಗಿದ ಸ್ಟ್ಯೂಬೆನ್‌ವಿಲ್ ಎಂಬ ಊರಿನ ಶಾಲೆಯೊಂದರಲ್ಲಿ ಆ ವರ್ಷದ ಭಾಷಣ ನಡೆಯಿತು. ಮುಂದಿನ ವರ್ಷಗಳಲ್ಲಿ ಲೈಮಾ, ಮದೀನಾ, ವಿಲ್ಮಿಂಗ್ಟನ್, ಮೇರಿಯೆಟಾ, ಸ್ಯಾಂಡಸ್ಕಿ ಮುಂತಾದ ಊರುಗಳ ಸರದಿ ಬಂದಿತು. 2019ರಲ್ಲಿ ಅವರ ನಂತರ ಬಂದ ಗವರ್ನರ್ ಮೈಕ್ ಡಿವೈನ್ ಭಾಷಣವನ್ನು ಮತ್ತೆ ರಾಜಧಾನಿಯ ಶಾಸನಸಭೆಗೆ ತಂದರು.

ಊರು ಬದಲಾದರೂ ಕೇಸಿಕ್ ಅವರ ಭಾಷಣದಲ್ಲಿ ಧೈರ್ಯಕ್ಕಾಗಿ ಪದಕ ನೀಡುವ ಕಾರ್ಯಕ್ರಮ ಬದಲಾಗಲಿಲ್ಲ. 2014ರಲ್ಲಿ ಮದೀನಾದಲ್ಲಿ ಆ ಪದಕ ಪಡೆದವರು ಮೂವರು ಮಹಿಳೆಯರು. ಕ್ಲೀವ್‌ಲ್ಯಾಂಡ್ ನಗರದ ಒಂದು ಮನೆಯಲ್ಲಿ ಸುಮಾರು ಒಂದು ದಶಕ ಕಾಲ ಸೆರೆಯಲ್ಲಿದ್ದು, 2013ರ ಮೇ ತಿಂಗಳಲ್ಲಿ ಬಿಡುಗಡೆಯಾದವರು ಅವರು. ಆ ದಿನ ಅವರಿಂದ ಯಾವ ಯೋಜನೆಗೂ ಪ್ರಚಾರ ಸಿಗುವಂತಿರಲಿಲ್ಲ. ಆದರೂ ರಾಜ್ಯದ ಅತ್ಯುನ್ನತ ವೇದಿಕೆ ಅವರಿಗಾಗಿ ಕೆಲವು ನಿಮಿಷ ತನ್ನ ಕಾರ್ಯಕಲಾಪವನ್ನು ನಿಲ್ಲಿಸಿತು.

ಭಾರತೀಯರಿಗೆ ಸಂಬಂಧಿಸಿದ ಒಂದು ಪ್ರಸಂಗ

2017ರ ಫೆಬ್ರವರಿ 22ರಂದು ಕ್ಯಾನ್ಸಸ್ ರಾಜ್ಯದ ಒಲೇಥಾ ಎಂಬಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ದ್ವೇಷದಿಂದ ಗುಂಡಿಕ್ಕಿ ಕೊಲ್ಲಲಾಯಿತು. ಅವರ ಸಹೋದ್ಯೋಗಿಯೂ, ಹಂತಕನನ್ನು ತಡೆಯಲು ಹೋದ ಸ್ಥಳೀಯ ಯುವಕನೊಬ್ಬನೂ ಗಾಯಗೊಂಡರು. ಮರುತಿಂಗಳು ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಮಾರ್ಚ್ 16ನ್ನು ಭಾರತೀಯ ಅಮೆರಿಕನ್ನರ ಗೌರವದ ದಿನವೆಂದು ಘೋಷಿಸಿದರು. 2018ರ ಜನವರಿ 30ರಂದು ಅಧ್ಯಕ್ಷರ ಭಾಷಣಕ್ಕೆ ಮೃತರ ಪತ್ನಿ ಸುನಯನಾ ದುಮಾಲ ಅವರು ಕ್ಯಾನ್ಸಸ್‌ನ ಸಂಸದ ಕೆವಿನ್ ಯೋಡರ್ ಅವರ ಅತಿಥಿಯಾಗಿ ಹಾಜರಾದರು. ಪತಿಯ ಮರಣದಿಂದ ಆ ದೇಶದಲ್ಲಿ ಉಳಿಯುವ ಹಕ್ಕೇ ಅವರ ಕೈ ತಪ್ಪುವ ಸ್ಥಿತಿ ಬಂದಿತ್ತು; ಅದನ್ನು ಸರಿಪಡಿಸಲು ಅದೇ ಸಂಸದರು ನೆರವಾಗಿದ್ದರು.

ಈ ಪ್ರಸಂಗದಲ್ಲಿ ಒಂದು ಅನುಕ್ರಮವಿದೆ. ಮೊದಲು ಕೈಗೆ ಕೆಲಸದ ಸಹಾಯ, ಅನಂತರ ಸಭೆಯ ಆಸನ. ಈ ಕ್ರಮ ತಪ್ಪಿ ಆಸನ ಮಾತ್ರ ಸಿಕ್ಕಿದ್ದರೆ ಅದು ಗೌರವವಾಗದೆ ಬರಿಯ ಪ್ರದರ್ಶನವಾಗುತ್ತಿತ್ತು.

ಒಂದು ಪಿಜ್ಜಾ ಅಂಗಡಿ, ಒಂದು ಕಾರ್ಖಾನೆ

ನಮ್ಮ ಸದಸ್ಯರಿಗೆ ಹೆಚ್ಚು ಹತ್ತಿರವಾದ ಎರಡು ಉದಾಹರಣೆಗಳನ್ನು ನೋಡೋಣ. ಎರಡೂ ಅಧ್ಯಕ್ಷರ ಭಾಷಣಕ್ಕೆ ಸಂಬಂಧಿಸಿದವು. ಎರಡೂ ಪರಸ್ಪರ ವಿರುದ್ಧ ಪಕ್ಷಗಳವು.

2014ರಲ್ಲಿ ಬರಾಕ್ ಒಬಾಮ ಅವರು ಮಿನಿಯಾಪೊಲಿಸ್ ನಗರದ 'ಪಂಚ್ ಪಿಜ್ಜಾ' ಸಂಸ್ಥೆಯ ಮಾಲೀಕರನ್ನೂ, ಅಲ್ಲಿ ಹಿಟ್ಟು ನಾದುವ ನೌಕರನನ್ನೂ ಒಟ್ಟಿಗೆ ಕರೆಸಿದ್ದರು. ಆಗ ದೇಶದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಮಾಲೀಕರು ಕಾನೂನಿಗೆ ಕಾಯದೆ ತಮ್ಮ ನೌಕರರ ವೇತನವನ್ನು 10 ಡಾಲರಿಗೆ ಏರಿಸಿದ್ದರು. ಕನಿಷ್ಠ ವೇತನವನ್ನು 10.10 ಡಾಲರಿಗೆ ಏರಿಸಬೇಕೆಂದು ಕೇಳಲು ಅಧ್ಯಕ್ಷರಿಗೆ ಈ ಅಂಗಡಿ ಒಂದು ನಿದರ್ಶನವಾಯಿತು.

2018ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಓಹಾಯೋ ರಾಜ್ಯದ ಡೇಟನ್‌ನಲ್ಲಿರುವ 'ಸ್ಟಾಬ್ ಮ್ಯಾನುಫ್ಯಾಕ್ಚರಿಂಗ್' ಎಂಬ ಸಣ್ಣ ಕಾರ್ಖಾನೆಯ ಒಡೆಯರನ್ನೂ, ಅಲ್ಲಿಯ ವೆಲ್ಡರ್ ಒಬ್ಬರನ್ನೂ ಕರೆಸಿದ್ದರು. 2017ರ ಡಿಸೆಂಬರಿನಲ್ಲಿ ಕಂಪನಿಗಳ ಮೇಲಿನ ಆದಾಯ ತೆರಿಗೆಯನ್ನು ಶೇ. 35ರಿಂದ ಶೇ. 21ಕ್ಕೆ ಇಳಿಸಲಾಗಿತ್ತು. ಈ ಕಡಿತದಿಂದಾಗಿ ಕಾರ್ಖಾನೆ ವೇತನ ಏರಿಸುತ್ತಿದೆ, ಇನ್ನೂ 14 ಜನರನ್ನು ನೇಮಿಸಿಕೊಳ್ಳುತ್ತಿದೆ, ಪಕ್ಕದ ಕಟ್ಟಡಕ್ಕೂ ವಿಸ್ತರಿಸುತ್ತಿದೆ ಎಂದು ಅಧ್ಯಕ್ಷರು ಹೇಳಿದರು.

ಒಬ್ಬರು ವೇತನ ಏರಿಸಬೇಕೆಂದು ಹೇಳಲು, ಮತ್ತೊಬ್ಬರು ತೆರಿಗೆ ಇಳಿಸಿದ್ದು ಸರಿಯೆಂದು ಹೇಳಲು, ಇಬ್ಬರೂ ಬಳಸಿದ್ದು ಒಂದೇ ಉಪಾಯ. ಮಾಲೀಕ ಮತ್ತು ಕೆಲಸಗಾರ ಅಕ್ಕಪಕ್ಕದಲ್ಲಿ ಕುಳಿತ ಚಿತ್ರ. ವಾದ ಯಾವುದೇ ಇರಲಿ, ಆ ಚಿತ್ರ ಚೆನ್ನಾದದ್ದೆಂದು ಒಪ್ಪಬೇಕು.

ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ

ಭಾಷಣದ ಪ್ರತಿಯೊಂದು ಹೇಳಿಕೆಯೂ ಖಾತೆಯ ಒಂದು ನಮೂದು ಎಂದುಕೊಂಡರೆ, ಗ್ಯಾಲರಿಯಲ್ಲಿ ಕುಳಿತ ಅತಿಥಿ ಆ ನಮೂದಿಗೆ ಲಗತ್ತಿಸಿದ ವೋಚರು. ವೋಚರು ಇಲ್ಲದ ನಮೂದಿಗಿಂತ ವೋಚರು ಇರುವ ನಮೂದು ಲೇಸು. ಇಷ್ಟರ ಮಟ್ಟಿಗೆ ಈ ಪದ್ಧತಿ ಸ್ವಾಗತಾರ್ಹ.

ಆದರೆ ಒಂದು ವೋಚರು ಇಡೀ ಖಾತೆಯನ್ನು ಸಾಬೀತುಪಡಿಸದು. ಸಾವಿರಾರು ವೋಚರುಗಳಿರುವ ಸಂಸ್ಥೆಯಲ್ಲಿ ನಾವು ಪರೀಕ್ಷಾರ್ಥ ತಪಾಸಣೆ ನಡೆಸುತ್ತೇವೆ. ಅದರ ಮೊದಲ ನಿಯಮವೆಂದರೆ ಯಾವ ವೋಚರನ್ನು ನೋಡಬೇಕೆಂದು ಆರಿಸುವವನು ಲೆಕ್ಕಪರಿಶೋಧಕನೇ ಹೊರತು ಲೆಕ್ಕ ಬರೆದವನಲ್ಲ. ತಪಾಸಣೆಗೆ ಹೋದಾಗ ಗುಮಾಸ್ತರು ಅಚ್ಚುಕಟ್ಟಾದ ಒಂದು ಕಡತವನ್ನು ತಾವಾಗಿಯೇ ಮುಂದಿಟ್ಟರೆ, ಅನುಭವಿಯಾದವನು ಅದನ್ನು ಗೌರವದಿಂದ ಬದಿಗಿರಿಸಿ ಬೇರೊಂದನ್ನು ಕೇಳುತ್ತಾನೆ. ರಾಜಕೀಯ ಭಾಷಣದ ಅತಿಥಿಯನ್ನು ಆರಿಸುವವರು ಭಾಷಣ ಮಾಡುವವರೇ. ಆದ್ದರಿಂದ ಅತಿಥಿಯನ್ನು ನಿದರ್ಶನವೆಂದು ಕಾಣಬಹುದು, ಪುರಾವೆಯೆಂದು ಕಾಣಲಾಗದು. ಒಂದು ಪಿಜ್ಜಾ ಅಂಗಡಿ ವೇತನ ಏರಿಸಿತೆಂದ ಮಾತ್ರಕ್ಕೆ ಎಲ್ಲ ಅಂಗಡಿಗಳಿಗೂ ಅದು ಸಾಧ್ಯವೆಂದಾಗದು; ಒಂದು ಕಾರ್ಖಾನೆ 14 ಜನರನ್ನು ನೇಮಿಸಿತೆಂದ ಮಾತ್ರಕ್ಕೆ ತೆರಿಗೆ ಕಡಿತದ ಲಾಭ ಎಲ್ಲ ಕೆಲಸಗಾರರಿಗೂ ತಲುಪಿತೆಂದಾಗದು.

ಈ ವಿವೇಚನೆಯಿಂದ ಅತಿಥಿಯ ಗೌರವಕ್ಕೆ ಕುಂದಿಲ್ಲ. ಸ್ಕಟ್ನಿಕ್ ನದಿಗೆ ಹಾರಿದ್ದು ನಿಜ. ವೆಲ್ಡರ್ ಕಲಿತ ಕಸುಬು ನಿಜ. ವ್ಯಕ್ತಿಗೆ ಸಲ್ಲಬೇಕಾದ ಮನ್ನಣೆಯನ್ನು ಪೂರ್ಣವಾಗಿ ಕೊಡೋಣ. ಆ ಮನ್ನಣೆಯನ್ನೇ ಯೋಜನೆಯ ಖಾತೆಗೆ ಜಮಾ ಮಾಡುವಾಗ ಮಾತ್ರ ಎಚ್ಚರಿಕೆಯಿರಲಿ.

ನಮ್ಮಲ್ಲಿ ಏನಿದೆ?

ನಮ್ಮ ರಾಜ್ಯಪಾಲರ ಭಾಷಣದಲ್ಲಿ ಗ್ಯಾಲರಿಯ ಸಾಮಾನ್ಯ ನಾಗರಿಕರನ್ನು ಹೆಸರಿಸಿ ಗೌರವಿಸುವ ರೂಢಿ ಬೆಳೆದಿಲ್ಲ. ನಮ್ಮ ಮನ್ನಣೆಯ ದಾರಿಗಳು ಬೇರೆ. ನವೆಂಬರ್ 1ರ ಸಂದರ್ಭದಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಗಣರಾಜ್ಯೋತ್ಸವದ ಸಂದರ್ಭದಲ್ಲಿ ಪದ್ಮ ಪ್ರಶಸ್ತಿ. 2023ರ ಗಣರಾಜ್ಯೋತ್ಸವದ ಮೆರವಣಿಗೆ ನೋಡಲು ಕರ್ತವ್ಯಪಥವನ್ನು ಕಟ್ಟಿದ ಕಾರ್ಮಿಕರನ್ನೂ, ರಿಕ್ಷಾ ಎಳೆಯುವವರನ್ನೂ, ತರಕಾರಿ ಮಾರುವವರನ್ನೂ ವಿಶೇಷ ಅತಿಥಿಗಳಾಗಿ ಕರೆಯಲಾಗಿತ್ತು.

ವ್ಯಾಪಾರಿಗಳಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಹರೇಕಳ ಹಾಜಬ್ಬ ಅವರದು. ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು ಅವರು. ವಿದೇಶಿ ದಂಪತಿಗಳು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ತಮ್ಮ ಸ್ಥಿತಿ ಊರಿನ ಮಕ್ಕಳಿಗೆ ಬಾರದಿರಲೆಂದು, ದಿನದ ಗಳಿಕೆಯಲ್ಲಿ ಉಳಿಸಿ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ನಿಲ್ಲುವಂತೆ ಮಾಡಿದರು. ಅವರಿಗೆ 2020ರ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪ್ರದಾನವಾಯಿತು. ಕಿತ್ತಳೆ ವ್ಯಾಪಾರವೂ ವ್ಯಾಪಾರವೇ. ನಮ್ಮ ವಾಣಿಜ್ಯ ಸಂಸ್ಥೆಗಳ ಸದಸ್ಯತ್ವ ಪಟ್ಟಿಯಲ್ಲಿ ಅಂಥವರ ಹೆಸರು ಎಷ್ಟಿದ್ದಾವು ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗಳ ಸನ್ಮಾನ ಕಾರ್ಯಕ್ರಮವನ್ನು ನೋಡಿದವರಿಗೆ ಕ್ರಮ ಗೊತ್ತೇ ಇದೆ. ಮಂತ್ರಿಗಳಿಗೆ ಮೈಸೂರು ಪೇಟ, ಇಲಾಖೆಯ ಅಧಿಕಾರಿಗಳಿಗೆ ಶಾಲು ಮತ್ತು ಗಂಧದ ಹಾರ, ದಾನಿಗಳಿಗೆ ಸ್ಮರಣಿಕೆ, ಮಾಜಿ ಅಧ್ಯಕ್ಷರಿಗೆ ಫಲತಾಂಬೂಲ. ಇದು ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಅಧಿಕಾರದಲ್ಲಿರುವವರನ್ನು ಸನ್ಮಾನಿಸುವುದರಲ್ಲಿ ವ್ಯವಹಾರದ ಅಂಶ ಸ್ವಲ್ಪವಾದರೂ ಇರುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಹಮಾಲ, ಒಂದು ಕಾಳೂ ಅತ್ತಿತ್ತ ಆಗದಂತೆ ತೂಗಿದ ತೂಕದವರು, ರಾತ್ರಿಯ ಮಳೆಯಲ್ಲಿ ಸರಕು ನೆನೆಯದಂತೆ ಘಾಟಿ ದಾಟಿಸಿದ ಲಾರಿ ಚಾಲಕ, ಮಾಲೀಕ ಆಸ್ಪತ್ರೆಯಲ್ಲಿದ್ದಾಗ ಅಂಗಡಿಯ ಕೀಲಿಕೈ ಕಾಪಾಡಿದ ಗುಮಾಸ್ತ, ಹತ್ತಾರು ಹುಡುಗರಿಗೆ ಲೇತ್ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ, ಇವರ ಶ್ರಮ ನಮ್ಮ ಅಢಾವೆ ಪತ್ರಿಕೆಯ ಯಾವ ಕಲಮಿನಲ್ಲಿಯೂ ಆಸ್ತಿಯಾಗಿ ಕಾಣದು. ಲಾಭ-ನಷ್ಟ ಪಟ್ಟಿಯಲ್ಲಿ ಮಾತ್ರ ಕೂಲಿ ಮತ್ತು ಸಂಬಳವೆಂಬ ಖರ್ಚಾಗಿ ಕಾಣುತ್ತದೆ. ಲೆಕ್ಕಶಾಸ್ತ್ರದ ನಿಯಮ ಹಾಗಿದೆ. ಮನುಷ್ಯ ಸಂಬಂಧದ ನಿಯಮವೂ ಹಾಗೆಯೇ ಇರಬೇಕಿಲ್ಲ.

ಕೆಲವು ಸಲಹೆಗಳು

ವಾರ್ಷಿಕ ಮಹಾಸಭೆಯಲ್ಲಿ ಅಧ್ಯಕ್ಷರ ಭಾಷಣವೇ ನಮ್ಮ ಪಾಲಿನ ವಾರ್ಷಿಕ ಭಾಷಣ. ಆ ಸಂದರ್ಭಕ್ಕೆ ಪ್ರತಿ ವರ್ಷ ನಾಲ್ಕೈದು ಅತಿಥಿಗಳನ್ನು ಕರೆಯುವ ಪದ್ಧತಿಯನ್ನು ನಮ್ಮ ಸಂಸ್ಥೆಗಳು ಆರಂಭಿಸಬಹುದು. ಅದಕ್ಕೆ ಈ ಕೆಲವು ನಿಯಮಗಳನ್ನು ಪರಿಶೀಲನೆಗಾಗಿ ಮುಂದಿಡುತ್ತೇನೆ.

ಒಂದು, ಆಯ್ಕೆಯನ್ನು ಪದಾಧಿಕಾರಿಗಳು ಮಾಡಬಾರದು. ಸದಸ್ಯರಿಂದ ಲಿಖಿತ ಸೂಚನೆ ಪಡೆದು, ಪದಾಧಿಕಾರಿಗಳಲ್ಲದ ಮೂವರ ಸಮಿತಿ ಆರಿಸಲಿ. ಯಾವ ಸದಸ್ಯರೂ ತಮ್ಮದೇ ಸಂಸ್ಥೆಯ ನೌಕರರ ಹೆಸರು ಚರ್ಚೆಗೆ ಬಂದಾಗ ಸಮಿತಿಯಲ್ಲಿ ಕುಳಿತಿರಬಾರದು.

ಎರಡು, ಅತಿಥಿಯ ಒಪ್ಪಿಗೆ ಮೊದಲೇ ಬೇಕು. ಭಾಷಣದಲ್ಲಿ ಅವರ ಕುರಿತು ಏನು ಹೇಳಲಾಗುವುದೋ ಅದನ್ನು ಮುಂಚಿತವಾಗಿ ಅವರಿಗೆ ಓದಿ ಹೇಳಬೇಕು. ಅಪಘಾತ, ಸಾವು, ಸಾಲ ಮುಂತಾದ ಕಷ್ಟದ ಸಂಗತಿಗಳನ್ನು ಹೇಳುವುದು ಬಿಡುವುದು ಅವರ ಇಷ್ಟಕ್ಕೆ ಬಿಟ್ಟದ್ದು. ಕಷ್ಟದಲ್ಲಿರುವವರಿಗೆ ಸಂಸ್ಥೆಯಿಂದ ಆಗಬೇಕಾದ ಸಹಾಯ ಮೊದಲು ಆಗಲಿ, ವೇದಿಕೆ ಅನಂತರ ಬರಲಿ.

ಮೂರು, ಸಭೆಗೆ ಬರುವ ದಿನದ ಕೂಲಿ ಅತಿಥಿಗೆ ತಪ್ಪಬಾರದು. ಹೋಗಿಬರುವ ವೆಚ್ಚವನ್ನು ಸಂಸ್ಥೆಯೇ ಭರಿಸಬೇಕು. ಅತಿಥಿಯೊಡನೆ ಮನೆಯವರಿಗೂ ಆಹ್ವಾನ ಹೋಗಬೇಕು, ಅವರಿಗೂ ಮುಂದಿನ ಸಾಲಿನಲ್ಲಿಯೇ ಆಸನವಿರಬೇಕು. ಊಟದ ಹೊತ್ತಿನಲ್ಲಿ ಅವರ ಎಲೆ ಮಂತ್ರಿಗಳ ಎಲೆಯ ಪಂಕ್ತಿಯಲ್ಲಿಯೇ ಬೀಳಲಿ.

ನಾಲ್ಕು, ಹೆಸರನ್ನು ಪೂರ್ಣವಾಗಿ, ಸರಿಯಾಗಿ ಉಚ್ಚರಿಸಬೇಕು. ಮಾಡಿದ ಕೆಲಸವನ್ನು ಎರಡು ಮೂರು ವಾಕ್ಯಗಳಲ್ಲಿ ನಿಖರವಾಗಿ ಹೇಳಬೇಕು. "ಶ್ರಮಜೀವಿ", "ನಿಷ್ಠಾವಂತ" ಎಂಬ ವಿಶೇಷಣಗಳಿಗಿಂತ ಎಷ್ಟು ವರ್ಷ, ಯಾವ ಕೆಲಸ, ಯಾರಿಗೆ ಏನು ಪ್ರಯೋಜನ ಎಂಬ ವಿವರಗಳೇ ಹೆಚ್ಚು ಗೌರವ ತರುತ್ತವೆ.

ಐದು, ಸಂಸ್ಥೆಯ ಬೇಡಿಕೆಗಳನ್ನು ಅತಿಥಿಯ ಬಾಯಿಂದ ಹೇಳಿಸಬಾರದು. ತೆರಿಗೆ ಇಳಿಸಿರೆಂದೋ ಸೆಸ್ ರದ್ದುಮಾಡಿರೆಂದೋ ಕೇಳಲು ನಮಗೆ ಬೇರೆ ಮನವಿಪತ್ರಗಳಿವೆ.

ಆರು, ಸನ್ಮಾನ ಒಂದು ದಿನಕ್ಕೆ ಮುಗಿಯಬಾರದು. ಅತಿಥಿಗಳ ಹೆಸರುಗಳನ್ನು ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಅಚ್ಚುಮಾಡಿ ದಾಖಲೆಯಾಗಿ ಇಡಬೇಕು. ಅರ್ಹರೆನಿಸಿದವರ ಹೆಸರನ್ನು ಪದ್ಮ ಪ್ರಶಸ್ತಿಗೂ ಸೂಚಿಸಬಹುದು. ಅದಕ್ಕೆ ಯಾವ ನಾಗರಿಕರೂ ಆನ್‌ಲೈನ್ ಮೂಲಕ ನಾಮನಿರ್ದೇಶನ ಸಲ್ಲಿಸಲು ಅವಕಾಶವಿದೆ.

ಲೆಕ್ಕಕ್ಕೆ ಸಂಬಂಧಿಸಿದ ಎರಡು ಮಾತು

ವೃತ್ತಿಯ ಅಭ್ಯಾಸದಂತೆ ತೆರಿಗೆಯ ಅಂಶವನ್ನೂ ಸೇರಿಸುತ್ತೇನೆ. ಸನ್ಮಾನಕ್ಕೆಂದು ಕೊಂಡ ಶಾಲು, ಬೆಳ್ಳಿ ತಟ್ಟೆ, ಸ್ಮರಣಿಕೆ ಮುಂತಾದ ಸರಕುಗಳನ್ನು ಉಡುಗೊರೆಯಾಗಿ ಕೊಟ್ಟಾಗ ಅವುಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಕಲಮು ಇದನ್ನು ತಡೆದಿದೆ. ಮಾಲೀಕರು ತಮ್ಮ ನೌಕರರಿಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿ ಮೌಲ್ಯದವರೆಗೆ ನೀಡುವ ಉಡುಗೊರೆಯನ್ನು ಅದೇ ಕಾಯಿದೆಯ ಮೊದಲನೇ ಅನುಸೂಚಿ ಪೂರೈಕೆಯೆಂದು ಪರಿಗಣಿಸುವುದಿಲ್ಲ. ಆದ್ದರಿಂದ ಸಂಸ್ಥೆಯ ಸನ್ಮಾನದ ಜೊತೆಗೆ ಮಾಲೀಕರೂ ತಮ್ಮ ನೌಕರರಿಗೆ ಏನನ್ನಾದರೂ ಕೊಡಬಯಸಿದರೆ ತೆರಿಗೆಯ ಭಯದಿಂದ ಹಿಂಜರಿಯಬೇಕಾಗಿಲ್ಲ. ವೋಚರು ಮಾತ್ರ ಸರಿಯಾಗಿರಲಿ.

ಖರ್ಚಿನ ಪ್ರಶ್ನೆಯೂ ದೊಡ್ಡದಲ್ಲ. ಐವರು ಅತಿಥಿಗಳ ಪ್ರಯಾಣ, ದಿನಗೂಲಿ, ಸ್ಮರಣಿಕೆ ಎಲ್ಲ ಸೇರಿದರೂ ವೇದಿಕೆಯ ಹೂವಿನ ಅಲಂಕಾರಕ್ಕೆ ನಾವು ಮಾಡುವ ವೆಚ್ಚವನ್ನು ಮೀರಲಾರದು.

ಕಂಪನಿ ಕಾಯಿದೆಯಡಿ ನೋಂದಣಿಯಾದ, ಮಾರ್ಚ್ 31ಕ್ಕೆ ವರ್ಷ ಮುಗಿಸುವ ಸಂಸ್ಥೆಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ವ್ಯವಸ್ಥಾಪಕ ಸಮಿತಿಯು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಸದಸ್ಯರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತಮ್ಮ ಅಂಗಡಿ, ಗೋದಾಮು, ಕಾರ್ಖಾನೆಗಳ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು, ಈ ದೃಷ್ಟಿಯಿಂದ ಹೆಸರುಗಳನ್ನು ಓದಿ, ಒಂದು ಹೆಸರನ್ನು ಬರೆದು ಕಾರ್ಯದರ್ಶಿಗಳಿಗೆ ಕಳುಹಿಸಿಕೊಡಲಿ.